ಸಕುರದ ಕವಿಸಮಯ: ಜಪಾನಿನ ಜನಪ್ರಿಯ ಗೀತೆಗಳಲ್ಲಿ ಹೂವು ಮತ್ತು ವಸಂತದ ಬೀಳ್ಕೊಡುಗೆ

ಅಂಗಡಿಯಲ್ಲಿ ಮಾರಾಟಕ್ಕೆ ಬರುವ ಹಾಡುಗಳನ್ನು ಕಾವ್ಯವಿಮರ್ಶೆಯ ವಿಷಯವಾಗಿ ಎತ್ತಿಕೊಳ್ಳುವುದು ಉಚಿತವೇ ಎಂದು ವಿದ್ವಾಂಸರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಇಂಥ ಹಾಡುಗಳಲ್ಲಿ ಬಹುಪಾಲು ಒಂದು ಋತುವಿನಲ್ಲಿ ಹುಟ್ಟಿ ಅದೇ ಋತುವಿನಲ್ಲಿ ಮರೆಯಾಗುತ್ತವೆ. ಉಳಿದವುಗಳಲ್ಲಿಯೂ ಮಾತಿನ ಜಾಳುತನ ಕಣ್ಣಿಗೆ ಬೀಳದೆ ಇರುವುದಿಲ್ಲ. ಆದರೆ ಒಂದು ವಸ್ತು ಹೇಗೆ ಸಂಕೇತವಾಗುತ್ತದೆ, ಕೆಟ್ಟ ಕೈಗೆ ಸಿಕ್ಕ ಸಂಕೇತವನ್ನು ಮುಂದಿನವರು ಹೇಗೆ ಮರಳಿ ಪಡೆಯುತ್ತಾರೆ ಎಂಬುದನ್ನು ಅರಿಯಹೊರಟವನಿಗೆ ಹಳೆಯ ಗ್ರಂಥಗಳಲ್ಲಿ ದೊರೆಯುವುದು ಮುಗಿದುಹೋದ ಕ್ರಿಯೆಯ ಪರಿಣಾಮ ಮಾತ್ರ. ಆ ಕ್ರಿಯೆ ಇನ್ನೂ ನಡೆಯುತ್ತಿರುವುದನ್ನು ನೋಡಬಹುದಾದ ಒಂದು ಎಡೆ ಜಪಾನಿನ ಚೆರಿ ಹೂವಿನ ಹಾಡುಗಳು. ಆ ದೇಶದವರು ಈ ಹೂವನ್ನು ಸಕುರ ಎನ್ನುತ್ತಾರೆ. ಪ್ರತಿ ವಸಂತದಲ್ಲಿಯೂ ಈ ಹೆಸರನ್ನು ಹೊತ್ತ ಹಾಡುಗಳು ಬರುವುದು ಎಷ್ಟು ರೂಢಿಯಾಗಿದೆಯೆಂದರೆ ‘ಸಕುರ ಸಾಂಗು’ ಎಂಬುದು ಅಲ್ಲಿ ಒಂದು ಜಾತಿಯ ಹಾಡುಗಳಿಗೆ ವರ್ಗನಾಮವೇ ಆಗಿಬಿಟ್ಟಿದೆ.

ಈ ವರ್ಗದ ಬೆಳವಣಿಗೆ ಮುಖ್ಯವಾಗಿ 2000ರಿಂದ ಈಚಿನದು. ಆ ವರ್ಷದ ಏಪ್ರಿಲ್ ತಿಂಗಳಲ್ಲಿ ಫುಕುಯಾಮ ಮಸಹಾರು ಹಾಡಿದ ‘ಸಕುರಜಾಕ’, ಎಂದರೆ ‘ಸಕುರದ ಇಳಿಜಾರು’, ಇಪ್ಪತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದ ಹಾಡು. 2003ರಲ್ಲಿ ಮೊರಿಯಾಮ ನಾವೊತಾರೊ, 2005ರ ಫೆಬ್ರವರಿಯಲ್ಲಿ ಕೆತ್ಸುಮೇಶಿ ತಂಡ, ಅದೇ ವರ್ಷದ ನವೆಂಬರಿನಲ್ಲಿ ಕೊಬುಕುರೊ ಎಂಬ ಜೋಡಿ, 2006ರ ಮಾರ್ಚಿಯಲ್ಲಿ ಇಕಿಮೊನೊ-ಗಕಾರಿ ತಂಡ: ಇಷ್ಟು ಮಂದಿಯೂ ತಮ್ಮ ಹಾಡಿಗೆ ಇಟ್ಟ ಹೆಸರು ‘ಸಕುರ’. ಬರೆಯುವ ಲಿಪಿ ಮಾತ್ರ ಬೇರೆ. ಒಬ್ಬರದು ಚೀನೀ ಅಕ್ಷರ, ಒಬ್ಬರದು ಜಪಾನೀ ಅಕ್ಷರ, ಮತ್ತೊಬ್ಬರದು ರೋಮನ್ ಅಕ್ಷರ. ಶೀರ್ಷಿಕೆಯಲ್ಲಿಯೇ ಇಷ್ಟು ಬಡತನವಿರುವ ಸಾಹಿತ್ಯವನ್ನು ಕಂಡು ವಿಮರ್ಶಕನಿಗೆ ಸಂಶಯ ಹುಟ್ಟುವುದು ಸಹಜ. ಇದರೊಡನೆ, ಈ ಹಾಡುಗಳಲ್ಲಿ ಹಲವು ಹೂವು ಬಿಡುವುದಕ್ಕೆ ಎರಡು ಮೂರು ವಾರ ಮೊದಲೇ ಪೇಟೆಗೆ ಬರುವುದನ್ನು ನೋಡಿದರೆ, ಇದು ಕಾವ್ಯವಲ್ಲ, ವರ್ತಕರ ಪಂಚಾಂಗ ಎಂದೂ ತೋರುತ್ತದೆ.

ಈ ಹಾಡುಗಳನ್ನು ಸಮರ್ಥಿಸುವವರು ಸಾಮಾನ್ಯವಾಗಿ ಮುಂದಿಡುವ ವಾದ ಬೇರೆ ಬಗೆಯದು. ಜಪಾನೀಯರ ಮನಸ್ಸು ಸಾವಿರ ವರ್ಷಗಳಿಂದಲೂ ಸಕುರದ ಕ್ಷಣಿಕತೆಗೆ ಒಲಿದದ್ದು, 905ರಲ್ಲಿ ಸಂಕಲಿತವಾದ ‘ಕೊಕಿನ್‌ಷು’ವಿನ ಕವಿಗಳು ಉದುರುವ ಎಸಳುಗಳನ್ನು ಕಂಡು ಮರುಗಿದರು, ಹದಿನೆಂಟನೆಯ ಶತಮಾನದಲ್ಲಿ ಮೊತೊವೊರಿ ನೊರಿನಾಗ ಎಂಬ ವಿದ್ವಾಂಸ ಈ ಮರುಕವನ್ನು ‘ಮೊನೊ ನೊ ಅವಾರೆ’ ಎಂಬ ಕಾವ್ಯತತ್ತ್ವವಾಗಿ ವಿವರಿಸಿದ, ಇಂದಿನ ಗಿಟಾರಿನ ಹುಡುಗರು ಅದನ್ನೇ ಹಾಡುತ್ತಿದ್ದಾರೆ. ಇದು ಕೇಳಲು ಸೊಗಸಾದ ವಿವರಣೆ. ಆದರೆ 905ಕ್ಕೂ 2005ಕ್ಕೂ ಒಂದೇ ಉತ್ತರವನ್ನು ಕೊಡುವ ವಿವರಣೆ ಎರಡನ್ನೂ ವಿವರಿಸುವುದಿಲ್ಲ. ಅದಕ್ಕಿಂತ ಹಿಂದಿನ ‘ಮಾನ್ಯೋಷು’ ಸಂಕಲನದಲ್ಲಿ ಸಕುರಕ್ಕಿಂತ ಪ್ಲಮ್ ಹೂವಿನ ಪದ್ಯಗಳೇ ಹೆಚ್ಚು ಎಂಬುದನ್ನು ನೆನೆದರೆ, ಅನಾದಿಯೆಂದು ಹೇಳುವ ಈ ಒಲವಿಗೂ ಒಂದು ಆದಿಯುಂಟು ಎಂಬುದು ತಿಳಿಯುತ್ತದೆ.

ಇಂದಿನ ಹಾಡಿನ ಸಕುರವಂತೂ ತೀರ ಈಚಿನದು. ಮರವೂ ಈಚಿನದು, ಸಂದರ್ಭವೂ ಈಚಿನದು. ಈಗ ಜಪಾನಿನ ಶಾಲೆಗಳ ಅಂಗಳದಲ್ಲಿ, ನದಿಯ ದಂಡೆಗಳಲ್ಲಿ ಸಾಲುಗಟ್ಟಿ ನಿಂತಿರುವುದು ಹೆಚ್ಚಾಗಿ ಸೊಮೇಯ್-ಯೊಶಿನೊ ಎಂಬ ತಳಿ. ಇದು ಎದೊ ಯುಗದ ಕೊನೆಗೆ, ಇಂದಿನ ಟೋಕಿಯೋ ನಗರದೊಳಗೆ ಸೇರಿಹೋಗಿರುವ ಸೊಮೇಯ್ ಎಂಬ ಹಳ್ಳಿಯ ತೋಟಗಾರರಿಂದ ಪ್ರಚಾರಕ್ಕೆ ಬಂದದ್ದು. ಬೀಜದಿಂದಲ್ಲ, ಕಸಿಯಿಂದ ಬೆಳೆಸುವ ಮರ; ಆದುದರಿಂದ ದೇಶದಲ್ಲಿರುವ ಈ ತಳಿಯ ಮರಗಳೆಲ್ಲ ಒಂದೇ ಮರದ ಪ್ರತಿಗಳು. ಎಲೆ ಚಿಗುರುವ ಮೊದಲೇ ಹೂ ಬಿಡುವುದು, ಒಂದೂರಿನ ಮರಗಳೆಲ್ಲ ಒಟ್ಟಿಗೆ ಅರಳಿ ವಾರ ಹತ್ತು ದಿನಗಳಲ್ಲಿ ಒಟ್ಟಿಗೆ ಉದುರುವುದು ಈ ತಳಿಯ ಗುಣ. ಹಳೆಯ ಕವಿಗಳು ಕಂಡ ಬೆಟ್ಟದ ಸಕುರ ಹೂವಿನೊಡನೆ ಕೆಂಪು ಚಿಗುರನ್ನೂ ತರುತ್ತಿತ್ತು, ಮರದಿಂದ ಮರಕ್ಕೆ ಮುಂದು ಹಿಂದಾಗಿ ಅರಳುತ್ತಿತ್ತು. ಒಂದು ತರಗತಿಯ ಮಕ್ಕಳೆಲ್ಲ ಒಂದೇ ದಿನ ಶಾಲೆ ಬಿಡುವುದಕ್ಕೆ ಸಾಟಿಯಾಗಿ ಒಂದೇ ದಿನ ಉದುರುವ ಹೂವು ಬೇಕಾದರೆ ಅದು ಕಸಿಯ ಮರದಿಂದಲೇ ಬರಬೇಕಾಯಿತು.

ಸಂದರ್ಭವೂ ಹಾಗೆಯೇ. ಜಪಾನಿನ ಸರ್ಕಾರ 1886ರಲ್ಲಿ ತನ್ನ ಆಯವ್ಯಯದ ವರ್ಷವನ್ನು ಏಪ್ರಿಲ್‌ಗೆ ಹೊಂದಿಸಿಕೊಂಡಿತು. ಶಾಲೆಗಳು ಒಂದೊಂದಾಗಿ ಅದನ್ನು ಅನುಸರಿಸಿದವು. ಸಾಮ್ರಾಜ್ಯ ವಿಶ್ವವಿದ್ಯಾಲಯಗಳು ಸೆಪ್ಟೆಂಬರನ್ನು ಬಿಟ್ಟು ಏಪ್ರಿಲ್‌ಗೆ ಬಂದದ್ದು 1921ರಲ್ಲಿ. ಮಾರ್ಚಿಯಲ್ಲಿ ಬೀಳ್ಕೊಡುಗೆ, ಏಪ್ರಿಲ್‌ನಲ್ಲಿ ಪ್ರವೇಶ, ಅದೇ ಏಪ್ರಿಲ್‌ನಲ್ಲಿ ಹೊಸ ಕೆಲಸ: ಇದು ಋತುವಿನ ನಿಯಮವಲ್ಲ, ಖಜಾನೆಯ ನಿಯಮ. ನಮ್ಮ ಕಾವ್ಯದಲ್ಲಿ ವಸಂತ ಮಿಲನದ ಕಾಲ. ಪ್ರವಾಸ ಹೋದ ನಲ್ಲ ಮರಳಬೇಕಾದ ಕಾಲ. ಮರಳಲಿಲ್ಲವಾದರೆ ಕೋಗಿಲೆಯೂ ಮಾವಿನ ಚಿಗುರೂ ವಿರಹಿಣಿಯನ್ನು ಕಾಡುತ್ತವೆ. ಜಪಾನೀ ಗೀತೆಯಲ್ಲಿ ವಸಂತವೇ ಹೊರಡುವ ಕಾಲ. ಉದ್ದೀಪನ ವಿಭಾವ ಎರಡು ಕಡೆಯೂ ಒಂದೇ, ಹೂವು. ಅದು ಉದ್ದೀಪಿಸುವ ಭಾವ ಮಾತ್ರ ಹಿಂದುಮುಂದು. ಇದನ್ನು ಜನಾಂಗದ ಮನೋಧರ್ಮ ಎನ್ನುವುದಕ್ಕಿಂತ ಶಾಲೆಯ ವೇಳಾಪಟ್ಟಿ ಎನ್ನುವುದೇ ಸರಿಯೆಂದು ಈ ಲೇಖಕನ ಅಭಿಪ್ರಾಯ. ಜೂನ್ ತಿಂಗಳ ಮಳೆಯಲ್ಲಿ ಹೊಸ ಪುಸ್ತಕವನ್ನು ಎದೆಗವಚಿಕೊಂಡು ಶಾಲೆಗೆ ಹೋದ ನಮ್ಮವರಿಗೆ ಇದು ಬೇಗ ಅರ್ಥವಾಗಬೇಕು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಾಡುಗಳು ಚಿತ್ರಿಸುವಂತೆ ಉದುರುವ ಎಸಳುಗಳ ಕೆಳಗೆ ಗೆಳೆಯರು ಅಗಲುವ ದೃಶ್ಯ ಲೋಕದಲ್ಲಿ ಅಪರೂಪ. 1991ರಿಂದ 2020ರ ವರೆಗಿನ ಸರಾಸರಿಯಂತೆ ಟೋಕಿಯೋದಲ್ಲಿ ಮೊದಲ ಹೂವು ಕಾಣುವುದು ಮಾರ್ಚಿ 24ರಂದು. ಮರ ಪೂರ್ತಿ ಅರಳಿ ಉದುರತೊಡಗುವುದು ಏಪ್ರಿಲ್ ಮೊದಲ ವಾರದಲ್ಲಿ. ಬೀಳ್ಕೊಡುಗೆಗಳೋ ಅದಕ್ಕೆ ಮೊದಲೇ ಮುಗಿದಿರುತ್ತವೆ. ಉತ್ತರದ ಸಪ್ಪೊರೊದಲ್ಲಿ ಸಕುರ ಬಿಡುವುದು ಮೇ ತಿಂಗಳ ಆರಂಭಕ್ಕೆ. ಅಲ್ಲಿಯ ಮಕ್ಕಳು ಶಾಲೆ ಬಿಡುವಾಗ ಅಂಗಳದಲ್ಲಿರುವುದು ಹಿಮ. ದಕ್ಷಿಣದ ಒಕಿನಾವದಲ್ಲಿ ಬೇರೊಂದು ಜಾತಿಯ ಸಕುರ ಜನವರಿಯಲ್ಲಿಯೇ ಅರಳುತ್ತದೆ. ಹಾಗಿದ್ದರೂ ಸಪ್ಪೊರೊದ ಹುಡುಗಿ ಈ ಹಾಡುಗಳನ್ನು ಕೇಳಿ ಅಳುತ್ತಾಳೆ. ರಾಜಶೇಖರನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಸಮಯ ಎಂದು ಹೆಸರಿಸಿದ್ದು ಇದನ್ನೇ: ಶಾಸ್ತ್ರದಲ್ಲಿಲ್ಲದ, ಲೋಕದಲ್ಲಿ ಕಾಣದ, ಆದರೂ ಕವಿಗಳು ಪರಂಪರೆಯಾಗಿ ಹೇಳಿಕೊಂಡು ಬರುವ ಅರ್ಥ. ಚಕೋರ ಬೆಳದಿಂಗಳನ್ನು ಕುಡಿಯುವಂತೆ ಜಪಾನಿನ ಸಕುರ ಬೀಳ್ಕೊಡುಗೆಯ ದಿನ ಉದುರುತ್ತದೆ. ಭೇದವೇನೆಂದರೆ, ಚಕೋರದ ಸಮಯ ಯಾವಾಗ ಹುಟ್ಟಿತೆಂದು ಯಾರೂ ಹೇಳಲಾರರು. ಈ ಸಮಯ ಹುಟ್ಟಿ ಬೆಳೆದದ್ದನ್ನು ನಾವು ವರ್ಷ ಹಿಡಿದು ಹೇಳಬಹುದು. ಸಮಾರಂಭದೊಳಗೇ ಇದ್ದು ಬರೆದವರು ಬೇರೆಯದನ್ನು ಕಂಡರು ಎಂಬುದಕ್ಕೂ ಒಂದು ಸಾಕ್ಷ್ಯವಿದೆ. ಚಿಚಿಬು ಎಂಬ ಬೆಟ್ಟದ ಊರಿನ ಮಾಧ್ಯಮಿಕ ಶಾಲೆಯೊಂದರಲ್ಲಿ 1991ರಲ್ಲಿ ಮುಖ್ಯೋಪಾಧ್ಯಾಯರು ಪದ ಬರೆದು ಸಂಗೀತದ ಅಧ್ಯಾಪಕಿ ರಾಗ ಹಾಕಿದ ‘ತಬಿದಾಚಿ ನೊ ಹಿ ನಿ’ (ಹೊರಡುವ ದಿನ) ಎಂಬ ಹಾಡು ಇಂದು ದೇಶದ ಶಾಲೆಗಳಲ್ಲೆಲ್ಲ ಹಬ್ಬಿದೆ. ಅದರಲ್ಲಿ ಬೆಟ್ಟಸಾಲು ಇದೆ, ಆಕಾಶವಿದೆ, ಹಕ್ಕಿ ಇದೆ, ಸಕುರವಿಲ್ಲ.

ಹಳೆಯ ಬೀಳ್ಕೊಡುಗೆಯ ಹಾಡುಗಳಲ್ಲಿಯೂ ಸಕುರಕ್ಕೆ ಪ್ರಾಧಾನ್ಯವಿರಲಿಲ್ಲ. ಮೇಜಿ ಯುಗದ ಶಾಲೆಗಳು ಹಾಡಿಸಿದ್ದು 1881ರ ‘ಹೊತಾರು ನೊ ಹಿಕಾರಿ’ (ಮಿಂಚುಹುಳದ ಬೆಳಕು) ಮತ್ತು 1884ರ ‘ಅವೊಗೆಬ ತೋತೊಶಿ’ ಎಂಬ ಗುರುವಂದನೆ. ಮೊದಲನೆಯದರ ಮಟ್ಟು ಸ್ಕಾಟ್ಲೆಂಡಿನದು, ಸ್ವರಗಳನ್ನು ಎಣಿಸಿದರೆ ನಮ್ಮ ಮೋಹನ ರಾಗದವು. ಎರಡನೆಯದರ ಮಟ್ಟು 1871ರಲ್ಲಿ ಅಮೆರಿಕದಲ್ಲಿ ಅಚ್ಚಾದ ಶಾಲಾಗೀತೆಯೊಂದರದು ಎಂಬುದು ಪತ್ತೆಯಾದದ್ದು 2011ರಲ್ಲಿ. ನೂರಕ್ಕೂ ಹೆಚ್ಚು ವರ್ಷ ಜನ ಕಣ್ಣೀರಿಟ್ಟ ಜಪಾನೀ ಬೀಳ್ಕೊಡುಗೆಯ ಸ್ವರ ಎರಡು ಕಡೆಯೂ ಪರದೇಶದ್ದು. ದೇಶೀಯವೆಂದು ಲೋಕಪ್ರಸಿದ್ಧವಾದ ‘ಸಕುರ ಸಕುರ’ ಎಂಬ ಹಳೆಯ ಗೀತವು 1888ರಲ್ಲಿ ಕೊತೊ ವಾದ್ಯದ ಪಾಠಪುಸ್ತಕದಲ್ಲಿ ಸೇರಿತು. ಅದು ಹೂವನ್ನು ನೋಡಲು ಕರೆಯುವ ಹಾಡೇ ಹೊರತು ಅಗಲಿಕೆಯ ಹಾಡಲ್ಲ.

ಮಹಾಯುದ್ಧದ ಅನಂತರ ಬೀಳ್ಕೊಡುಗೆಯ ಗೀತೆ ನಿಂತದ್ದು ರೈಲು ನಿಲ್ದಾಣದಲ್ಲಿ. 1954ರಿಂದ 1975ರ ವರೆಗೆ ಪ್ರತಿ ವಸಂತದಲ್ಲಿ ಮಾಧ್ಯಮಿಕ ಶಾಲೆ ಮುಗಿಸಿದ ಹದಿನೈದರ ಮಕ್ಕಳನ್ನು ಹಳ್ಳಿಗಾಡಿನಿಂದ ನಗರದ ಕಾರ್ಖಾನೆ ಅಂಗಡಿಗಳಿಗೆ ಹೊತ್ತು ತರುವ ವಿಶೇಷ ರೈಲುಗಳಿದ್ದವು. ಈಶಾನ್ಯದ ಮಕ್ಕಳು ಬಂದಿಳಿಯುತ್ತಿದ್ದುದು ಟೋಕಿಯೋದ ಉವೆನೊ ನಿಲ್ದಾಣದಲ್ಲಿ. 1964ರಲ್ಲಿ ಇಜಾವ ಹಚಿರೊ ಹಾಡಿದ ‘ಆ ಉವೆನೊ-ಎಕಿ’ ಆ ಮಕ್ಕಳ ಹಾಡು. ಹತ್ತು ವರ್ಷಗಳ ಮೇಲೆ ಇಸೆ ಶೋಜೊ ರಚಿಸಿದ, 1975ರಲ್ಲಿ ಇರುಕಾ ಎಂಬ ಗಾಯಕಿಯ ಕಂಠದಿಂದ ಮನೆಮಾತಾದ ‘ನಗೊರಿ ಯುಕಿ’ಯಲ್ಲಿಯೂ ನಿಲ್ದಾಣವೇ ಇದೆ. ಆದರೆ ಬೀಳುವುದು ಎಸಳಲ್ಲ, ಋತು ಮೀರಿ ಬಂದ ಕೊನೆಯ ಹಿಮ. ಹೊರಟವಳು ಎಂದು ದೊಡ್ಡವಳಾದಳು ಎಂಬುದನ್ನು ಉಳಿದವನು ತಡವಾಗಿ ಅರಿಯುತ್ತಾನೆ. ತಡವಾಗಿ ಬಂದ ಹಿಮಕ್ಕೂ ತಡವಾಗಿ ಬಂದ ಅರಿವಿಗೂ ನಡುವಣ ಹೊಂದಿಕೆಯನ್ನು ಹಾಡು ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಇದು ಉತ್ತಮ ಧ್ವನಿಕಾವ್ಯದ ಲಕ್ಷಣ. ಅದೇ ವರ್ಷ ಅರಾಯಿ ಯುಮಿ ರಚಿಸಿದ ‘ಸೊತ್ಸುಗ್ಯೊ ಶಶಿನ್’ (ಬೀಳ್ಕೊಡುಗೆಯ ಭಾವಚಿತ್ರ) ಹಾಡಿನಲ್ಲಿ ಮರವೊಂದಿದೆ ನಿಜ. ಆದರೆ ಅದು ರೈಲಿನ ಕಿಟಕಿಯಿಂದ ಕಾಣುವ ನೀರಂಜಿ ಮರ, ಸಕುರವಲ್ಲ.

1985ರ ಮೊದಲ ತಿಂಗಳುಗಳಲ್ಲಿ ‘ಸೊತ್ಸುಗ್ಯೊ’, ಎಂದರೆ ಶಿಕ್ಷಣ ಮುಗಿಸಿ ಹೊರಡುವುದು, ಎಂಬ ಒಂದೇ ಹೆಸರಿನ ಹಲವು ಹಾಡುಗಳು ಬಂದವು. ಒಜಾಕಿ ಯುತಾಕಾ ಎಂಬ ರಾಕ್ ಗಾಯಕ ರಾತ್ರಿ ಶಾಲೆಯ ಕಿಟಕಿಗಾಜುಗಳನ್ನು ಒಡೆಯುವ ಹುಡುಗನ ಬಾಯಿಂದ, ಈ ಬಿಡುಗಡೆಯಿಂದ ನಿಜವಾಗಿ ಏನು ಬಿಡುಗಡೆಯಾಯಿತು ಎಂದು ಕೇಳಿಸಿದ. ಮತ್ಸುಮೊತೊ ತಕಾಶಿ ಪದ ಬರೆದು ಸಾಯಿತೊ ಯೂಕಿ ಹಾಡಿದ ಇನ್ನೊಂದರಲ್ಲಿ ಹುಡುಗಿ ಸಮಾರಂಭದಲ್ಲಿ ಅಳುವುದಿಲ್ಲ. ಕಣ್ಣೀರನ್ನು ಇದಕ್ಕಿಂತ ದುಃಖದ ಗಳಿಗೆಗೆಂದು ಕಾಯ್ದಿರಿಸುತ್ತಾಳೆ. ಗೆಳೆಯ ಟೋಕಿಯೋಗೆ ಹೋಗಿ ಬೇರೆಯವನಾಗುತ್ತಾನೆಂಬುದು ಅವಳಿಗೆ ಗೊತ್ತು. ಎರಡು ಹಾಡೂ ಸಮಾರಂಭವನ್ನು ನಂಬುವುದಿಲ್ಲ. ಆಗಿನ ಹಾಡುಗಳಲ್ಲಿ ಸಕುರ ಇರಲೇ ಇಲ್ಲವೆಂದಲ್ಲ. ಶೀರ್ಷಿಕೆಗೆ ಏರಿ, ಹಾಡಿನ ಹೊರೆಯನ್ನು ಹೊರುವ ಸ್ಥಾನ ಅದಕ್ಕೆ ಇರಲಿಲ್ಲ.

ಏಕೆ ಇರಲಿಲ್ಲ? ಇದಕ್ಕೆ ಒಂದೇ ಕಾರಣವನ್ನು ಹೇಳುವುದು ದುಡುಕಾದೀತು. ಆದರೆ ಆ ಹೂವಿನ ಮೇಲೆ ಬಿದ್ದಿದ್ದ ಕಲೆಯೊಂದನ್ನು ಮರೆತು ಈ ಚರ್ಚೆಯನ್ನು ಮುಂದುವರಿಸಲಾಗದು. ಸೈನ್ಯದ ಆಳ್ವಿಕೆಯ ಕಾಲದಲ್ಲಿ ಸಕುರದ ಅರಳುವಿಕೆಗಿಂತ ಉದುರುವಿಕೆಗೆ ಬೆಲೆ ಬಂದಿತು. ಚಕ್ರವರ್ತಿಗಾಗಿ ಸಾಯುವ ಯೋಧನೇ ಉದುರುವ ಎಸಳು. 1944ರ ಅಕ್ಟೋಬರಿನಲ್ಲಿ ರಚಿತವಾದ ಮೊದಲ ಕಾಮಿಕಾಜೆ ಪಡೆಗಳ ಹೆಸರುಗಳನ್ನು ನೊರಿನಾಗನ ಸಕುರದ ಪದ್ಯವೊಂದರಿಂದಲೇ ಆಯ್ದರು. ಹಿಂದಿರುಗುವ ಉಪಾಯವೇ ಇಲ್ಲದಂತೆ ಮನುಷ್ಯನನ್ನು ಕೂರಿಸಿ ಹಾರಿಸಿದ ರಾಕೆಟ್ ವಿಮಾನಕ್ಕೆ ‘ಓಕ’, ಸಕುರದ ಹೂವು, ಎಂದೇ ಹೆಸರು. ಈ ಕಾಲದ ಅತಿ ಪ್ರಸಿದ್ಧ ಹಾಡು ‘ದೋಕಿ ನೊ ಸಕುರ’. ಕವಿ ಸಾಯಿಜೊ ಯಾಸೊ 1938ರಲ್ಲಿ ಬರೆದ ಪದ್ಯವೊಂದು ನೌಕಾಪಡೆಯವರ ಬಾಯಲ್ಲಿ ಮಾರ್ಪಟ್ಟು ಈ ರೂಪ ತಾಳಿತು. ‘ದೋಕಿ’ ಎಂದರೆ ಒಂದೇ ವರ್ಷದ ತಂಡದವರು, ಸಹಪಾಠಿಗಳು. ಒಂದೇ ಸೈನಿಕ ಶಾಲೆಯ ಅಂಗಳದಲ್ಲಿ ಅರಳಿದ ಗೆಳೆಯರು ಒಟ್ಟಿಗೆ ಉದುರುವ ಪ್ರತಿಜ್ಞೆ ಮಾಡುತ್ತಾರೆ; ಕೊನೆಗೆ ರಾಜಧಾನಿಯ ಯಾಸುಕುನಿ ದೇವಾಲಯದ ಕೊಂಬೆಗಳಲ್ಲಿ ಮತ್ತೆ ಹೂವಾಗಿ ಸೇರುವ ಮಾತು ಕೊಟ್ಟುಕೊಳ್ಳುತ್ತಾರೆ. ಶಾಲೆ, ಸಹಪಾಠಿ, ಸಕುರ, ಉದುರುವಿಕೆ, ಮರುಭೇಟಿ: ಇಂದಿನ ಬೀಳ್ಕೊಡುಗೆಯ ಹಾಡಿನ ಅಂಗಗಳೆಲ್ಲ ಇಲ್ಲಿ ಆಗಲೇ ಸಿದ್ಧವಾಗಿವೆ. ಈ ಸಾದೃಶ್ಯ ಓದುಗನನ್ನು ಕಳವಳಕ್ಕೀಡುಮಾಡದೆ ಇರದು. ಇಂದಿನ ಹಾಡುಗಳ ನಿಜವಾದ ಪರೀಕ್ಷೆಯೂ ಇಲ್ಲಿಯೇ ಇದೆ.

ಆ ಪರೀಕ್ಷೆಯನ್ನು ಎದುರಿಸಿ ನಿಂತ ಹಾಡು ಮೊರಿಯಾಮ ನಾವೊತಾರೊನ ‘ಸಕುರ (ದೊಕುಶೊ)’. ಪದಗಳು ಮೊರಿಯಾಮ ಮತ್ತು ಅವನ ಗೆಳೆಯ ಒಕಾಚಿಮಾಚಿ ಕೈತೊ ಇಬ್ಬರವು. 2003ರ ಮಾರ್ಚಿ 5ರಂದು ಹೊರಬಂದಾಗ ಮಾರಾಟದ ಪಟ್ಟಿಯಲ್ಲಿ ಇದಕ್ಕೆ ಸಿಕ್ಕಿದ ಸ್ಥಾನ 80. ವಾರವಾರವೂ ಮೇಲೇರಿ ಒಂಬತ್ತನೆಯ ವಾರದಲ್ಲಿ ಮೊದಲನೆಯದಾಯಿತು. ಅಷ್ಟರಲ್ಲಿ ಟೋಕಿಯೋದ ಮರಗಳಲ್ಲಿ ಹೂವಿರಲಿಲ್ಲ, ಹಸುರೆಲೆ ತುಂಬಿತ್ತು. ವರ್ತಕರ ಪಂಚಾಂಗದ ವಾದಕ್ಕೆ ಈ ಹಾಡು ಒಪ್ಪುವುದಿಲ್ಲವೆಂಬುದನ್ನು ಇಷ್ಟರಿಂದಲೇ ಕಾಣಬಹುದು.

ಹಾಡಿನ ಹುರುಳಿಗೆ ಬರೋಣ. ಒಬ್ಬ ಹೊರಡುತ್ತಿರುವ ಗೆಳೆಯನನ್ನು ಕುರಿತು ಮಾತನಾಡುತ್ತಿದ್ದಾನೆ. ತನ್ನನ್ನು ಬಳಲಿಕೆಯಿಂದ ಎತ್ತಿದವನು ಅವನು. ಈಗ ಅವನ ಮುಂದಿನ ಬಾಳಿಗೆ ಹಾರೈಸಲು ಹುಸಿಯಲ್ಲದ ಒಂದು ಮಾತು ಬೇಕು, ಅದು ಸಿಗುತ್ತಿಲ್ಲ. ಸಕುರ ಅರಳಿದೆ, ಕ್ಷಣದಲ್ಲಿ ಉದುರುವ ತನ್ನ ವಿಧಿಯನ್ನು ಬಲ್ಲ ಹೂವು ಅದು. ವಿದಾಯಕ್ಕೆ ಬಳಸಿರುವ ‘ಸರಾಬ’ ಎಂಬ ಶಬ್ದ ದಿನಬಳಕೆಯದಲ್ಲ. ಹಳೆಯ ಕಾವ್ಯದ, ಹಳೆಯ ಸೈನಿಕ ಗೀತೆಗಳ ಧೀರ ಶಬ್ದ. ವಿಧಿಯನ್ನು ಬಲ್ಲ ಹೂವು, ಗೆಳೆಯ, ‘ಸರಾಬ’: ಇವು ಮೂರೂ ಒಂದೆಡೆ ಸೇರಿದರೆ ಜಪಾನೀ ಕಿವಿಗೆ ಹಿಂದಿನ ಹಾಡು ಕೇಳಿಸದೆ ಇದ್ದೀತೆ? ಇಪ್ಪತ್ತಾರರ ಹರೆಯದ ಗಾಯಕ ಇದನ್ನು ತಿಳಿದು ಮಾಡಿದನೋ ತಿಳಿಯದೆ ಮಾಡಿದನೋ ಎಂಬುದು ವಿಮರ್ಶೆಗೆ ಅಪ್ರಸ್ತುತ. ಮಾತುಗಳ ನೆನಪು ಕವಿಯ ನೆನಪಿಗಿಂತ ದೊಡ್ಡದು. ಮುಖ್ಯವಾದದ್ದು ತಿರುವು. ಹಳೆಯ ಹಾಡಿನ ಗೆಳೆಯರು ಸತ್ತ ಮೇಲೆ ದೇವಾಲಯದ ಕೊಂಬೆಯಲ್ಲಿ ಸೇರುವವರು. ಈ ಹಾಡಿನವರು ಎಸಳು ಹಾರುವ ಇದೇ ಬೀದಿಯಲ್ಲಿ, ಇದೇ ಎಡೆಯಲ್ಲಿ, ಬದುಕಿದ್ದು ಮತ್ತೆ ಭೇಟಿಯಾಗಬೇಕೆನ್ನುವವರು. ಉದುರುವುದು ಹೂವು, ಮನುಷ್ಯ ಉದುರಬೇಕಾಗಿಲ್ಲ. ಉಪಮಾನವನ್ನು ಉಪಮೇಯದಿಂದ ಬಿಡಿಸಿದ್ದೇ ಈ ಹಾಡಿನ ಸಾಧನೆ.

ಶೀರ್ಷಿಕೆಯ ಕಂಸದಲ್ಲಿರುವ ‘ದೊಕುಶೊ’ ಎಂಬ ಪದವೂ ಅರ್ಥಪೂರ್ಣ. ಶಾಲೆಯ ಸಂಗೀತಪಾಠದ ಪರಿಭಾಷೆಯಲ್ಲಿ ಅದಕ್ಕೆ ಒಬ್ಬನೇ ಹಾಡುವುದು ಎಂದರ್ಥ. ಮೇಳಗಾಯನಕ್ಕೆ ‘ಗಸ್ಶೊ’ ಎನ್ನುತ್ತಾರೆ. ಪಿಯಾನೊ ಒಂದರ ಜೊತೆಗೆ, ತಾರಸ್ಥಾಯಿಯಲ್ಲಿ ಒಡೆಯುವಂತೆ ತೆಳ್ಳಗಾಗುವ ಒಂಟಿ ಕಂಠ. ಸೈನಿಕರು ಹೆಗಲಿಗೆ ಹೆಗಲು ಕೊಟ್ಟು ಒಕ್ಕೊರಲಿನಿಂದ ಹಾಡಿದ್ದನ್ನು ಇಲ್ಲಿ ಒಬ್ಬ ಒಬ್ಬನಿಗೆ ಹಾಡುತ್ತಾನೆ. ಇದನ್ನು ಈಗ ಶಾಲೆಗಳಲ್ಲಿ ಮೇಳಗಾಯನವಾಗಿ ಹಾಡಿಸುತ್ತಾರೆ. ಆಗ ಹಾಡಿನ ಬಲ ಸ್ವಲ್ಪ ಕುಗ್ಗುತ್ತದೆಂದು ನನ್ನ ಅನಿಸಿಕೆ. ಮಕ್ಕಳಿಗೆ ಹಾಗೆ ತೋರದಿರಬಹುದು.

ಉಳಿದ ‘ಸಕುರ’ಗಳನ್ನು ಇಷ್ಟು ವಿಸ್ತಾರವಾಗಿ ನೋಡಬೇಕಾದುದಿಲ್ಲ. ಕೆತ್ಸುಮೇಶಿಯದು ಕಳೆದ ಪ್ರೇಮದ ನೆನಪು. ರ‍್ಯಾಪ್ ಎಂಬ ಮಾತಿನ ಓಟದಿಂದ ಗದ್ಯಕ್ಕೆ ಹತ್ತಿರವಾದ ವಿವರಗಳು ಹಾಡಿನೊಳಗೆ ಬಂದವು ಎಂಬುದಷ್ಟೇ ಅದರ ಹೊಸತನ. ಇಕಿಮೊನೊ-ಗಕಾರಿಯ ಹಾಡಿನಲ್ಲಿ ಟೋಕಿಯೋದ ಪಶ್ಚಿಮಕ್ಕೆ ಹೋಗುವ ಒದಾಕ್ಯು ರೈಲಿನ ಕಿಟಕಿಯಲ್ಲಿ ಈ ವರ್ಷವೂ ಸಕುರ ಕಾಣುತ್ತದೆ. ಆ ರೈಲಿನ ಹೆಸರು ಬಂದ ಕೂಡಲೆ ಕವಿಸಮಯಕ್ಕೆ ಒಂದು ನೆಲ ದೊರೆಯುತ್ತದೆ. ಕೊಬುಕುರೊವಿನ ಹಾಡು ಅವರು ಸಾಕಾಯಿ ನಗರದ ಬೀದಿಯಲ್ಲಿ ನಿಂತು ಹಾಡುತ್ತಿದ್ದ ದಿನಗಳಲ್ಲಿ, 1998ರಲ್ಲಿ, ಸೇರಿ ರಚಿಸಿದ ಮೊದಲನೆಯದು. ಅದರ ವಿಚಾರ ಸ್ವಾರಸ್ಯವಾಗಿದೆ: ಚಳಿಗೆ ಕುಗ್ಗದಂತೆ ಹೆಸರಿಲ್ಲದ ಹೂವಿಗೆ ಹೆಸರಿಡಬೇಕು, ಅದು ಲೋಕದಲ್ಲಿ ಒಂದೇ ಒಂದು ಎನ್ನುತ್ತದೆ. ಆದರೆ ಶೀರ್ಷಿಕೆಯಲ್ಲಿರುವುದು ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆಸರಾದ ಹೂವು, ಅದೂ ಲಕ್ಷಾಂತರ ಪ್ರತಿಗಳಿರುವ ಕಸಿಯ ಹೂವು! ಈ ವಿರೋಧವನ್ನು ಹಾಡು ಕಂಡುಕೊಂಡಿದ್ದರೆ ಅದು ದೊಡ್ಡ ಹಾಡಾಗುತ್ತಿತ್ತು.

ಎಕೆಬಿ48 ಎಂಬ ಬಾಲಿಕೆಯರ ಮೇಳಕ್ಕೆ ಅಕಿಮೊತೊ ಯಾಸುಶಿ 2006, 2009, 2010, 2011ರಲ್ಲಿ ಒಂದೊಂದು ಸಕುರದ ಹಾಡನ್ನು ಬರೆದುಕೊಟ್ಟ. ಆ ಮೇಳದಿಂದ ಹುಡುಗಿಯೊಬ್ಬಳು ಬಿಟ್ಟುಹೋದರೆ ಅದನ್ನೂ ‘ಸೊತ್ಸುಗ್ಯೊ’ ಎಂದೇ ಕರೆಯುತ್ತಾರೆ. ಅಗಲಿಕೆಯೇ ಅಲ್ಲಿ ವ್ಯಾಪಾರದ ಅಂಗ. ಹಾಗಿದ್ದರೂ 2011ರ ಹಾಡಿನಲ್ಲಿ ಒಂದು ನಿಜವಾದ ಕಲ್ಪನೆ ಇದೆ. ಅದರಲ್ಲಿ ಮಾತನಾಡುವವನು ಎಸಳಾಗುವುದಿಲ್ಲ, ಮರವಾಗುತ್ತೇನೆನ್ನುತ್ತಾನೆ. ಹೊರಟವರು ದಾರಿ ತಪ್ಪಿದರೆ ಗುರುತಿಗೆಂದು ಕದಲದೆ ನಿಲ್ಲುತ್ತೇನೆನ್ನುತ್ತಾನೆ. ನಿಲ್ದಾಣದಿಂದ ಮರದ ಕೆಳಕ್ಕೆ ಬೀಳ್ಕೊಡುಗೆ ಏಕೆ ಬಂದಿತು ಎಂಬುದರ ಸುಳಿವು ಇಲ್ಲಿದೆ. ನಿಲ್ದಾಣ ಹೊರಡುವವನ ಸ್ಥಳ, ಅಲ್ಲಿ ಯಾರೂ ಉಳಿಯುವುದಿಲ್ಲ. ಉದ್ಯೋಗದ ರೈಲುಗಳು ನಿಂತು, ಜೇಬಿನಲ್ಲಿ ದೂರವಾಣಿ ಬಂದ ಮೇಲೆ ಅಗಲಿಕೆಯ ಭಾರ ದೂರದಲ್ಲಿ ಉಳಿಯದೆ ಕಾಲದಲ್ಲಿ ನೆಲಸಿತು. ಕಾಲಕ್ಕೆ ಬೇಕಾದದ್ದು ಪ್ರತಿ ವರ್ಷ ಅದೇ ಜಾಗದಲ್ಲಿ ಅದೇ ಕೆಲಸ ಮಾಡುವ ಒಂದು ಸಾಕ್ಷಿ. ರೆಮಿಯೊರೊಮೆನ್ ತಂಡದ ‘ಸಂಗತ್ಸು ಕೊಕೊನೊಕ’ (ಮಾರ್ಚಿ ಒಂಬತ್ತು, 2004) ಗೆಳೆಯನೊಬ್ಬನ ಮದುವೆಗೆಂದು ಕಟ್ಟಿದ ಹಾಡು. ಮರುವರ್ಷ ಒಂದು ದೂರದರ್ಶನ ನಾಟಕದಲ್ಲಿ ವಿದ್ಯಾರ್ಥಿಗಳು ಅದನ್ನು ಹಾಡಿದ ಮೇಲೆ ದೇಶವೆಲ್ಲ ಅದನ್ನು ಬೀಳ್ಕೊಡುಗೆಗೆ ಎತ್ತಿಕೊಂಡಿತು. ಕೇಳುವವರು ಹಾಡನ್ನು ತಮ್ಮ ಪಂಚಾಂಗಕ್ಕೆ ತಿರುಗಿಸಿಕೊಂಡರು. ವರ್ತಕರು ಹಿಂದಿನಿಂದ ಬಂದರು.

ರಾಕ್ ಸಂಗೀತದವರು ಈ ಸಮಯವನ್ನು ಇದ್ದಂತೆ ಒಪ್ಪಲಿಲ್ಲ. 2004ರ ಏಪ್ರಿಲ್‌ನಲ್ಲಿ ಫುಜಿಫ್ಯಾಬ್ರಿಕ್ ತಂಡ ‘ಸಕುರ ನೊ ಕಿಸೆತ್ಸು’ (ಸಕುರದ ಋತು) ಹಾಡನ್ನು ಹೊರತಂದಿತು. ರಚಿಸಿದವನು ಫುಜಿ ಪರ್ವತದ ಬುಡದ ಊರಿನವನಾದ, 2009ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಶಿಮುರಾ ಮಸಹಿಕೊ. ಗೆಳೆಯ ದೂರದ ಊರಿಗೆ ಹೋಗುತ್ತಾನೆ. ಉಳಿದವನು ಪ್ರೀತಿಯಿಂದ ಕಾಗದ ಬರೆಯಹೊರಡುತ್ತಾನೆ. ಆ ಕಾಗದದಲ್ಲಿ ಕಟ್ಟುಕಥೆಗಳನ್ನು ಸೇರಿಸಿ, ಬರೆದದ್ದನ್ನು ತಾನೇ ಮತ್ತೆ ಓದಿಕೊಂಡು ತಾನೇ ರೋಮಾಂಚಗೊಳ್ಳುತ್ತಾನೆ. ಸಕುರದ ಹಾಡುಗಳ ಮೇಲೆ ಸಕುರದ ಹಾಡಿನೊಳಗೇ ಬರೆದ ಇಂಥ ವಿಮರ್ಶೆ ಇನ್ನೊಂದಿಲ್ಲ. ಗೆಳೆಯನ ಊರಿಗೆ ಹೋಗಿಬರುವ ಯೋಚನೆಯೂ ಅವನಿಗಿದೆ, ಆದರೆ ಯಾವಾಗ? ಸಕುರ ಒಣಗಿದ ಮೇಲೆ. ಜಪಾನೀಯರು ಸಕುರಕ್ಕೆ ಸಾಮಾನ್ಯವಾಗಿ ಬಳಸುವ ಕ್ರಿಯಾಪದ ‘ಚಿರು’, ಉದುರು. ಹಿಂದೆ ಪರೀಕ್ಷೆಯಲ್ಲಿ ನಪಾಸಾದವನಿಗೆ ತಂತಿ ಕಳುಹಿಸುತ್ತಿದ್ದಾಗಲೂ ಅದೇ ಶಬ್ದ, ಪಾಸಾದವನಿಗೆ ‘ಸಕು’, ಅರಳು. ಇಲ್ಲಿ ಶಿಮುರಾ ಹಾಕಿದ ‘ಒಣಗು’ ಎಂಬ ಕ್ರಿಯಾಪದದಿಂದ ಹೂವಿನ ಎಲ್ಲ ವೀರವೂ ಕರುಣವೂ ಕಳಚಿ ಅದು ಒಂದು ಮಾಮೂಲಿ ಗಿಡವಾಗುತ್ತದೆ. ಅಲ್ಲಿಂದಾಚೆಗೆ ಸ್ನೇಹ ಹೇಗೆ ಎಂಬುದು ಅವನ ಪ್ರಶ್ನೆ.

ಟೋಕಿಯೋದ ಅಕಾಬಾನೆಯ ಹಳೆಯ ತಂಡವಾದ ಎಲಿಫೆಂಟ್ ಕಾಶಿಮಾಶಿ 2008ರಲ್ಲಿ ಹಾಡಿದ ‘ಸಕುರ ನೊ ಹನ, ಮಾಯಿಯಗಾರು ಮಿಚಿ ವೊ’ದಲ್ಲಿ ಮತ್ತೊಂದು ಕ್ರಿಯಾಪದ ಬಂದಿದೆ. ಗಾಯಕ ಮಿಯಾಮೊತೊ ಹಿರೊಜಿಗೆ ಆಗ ನಲವತ್ತು ದಾಟಿತ್ತು. ಶಾಲೆಯ ಬೀಳ್ಕೊಡುಗೆ ಎಂದೋ ಮುಗಿದ ವಯಸ್ಸು. ಅವನ ಬೀದಿಯಲ್ಲಿ ಎಸಳು ಕೆಳಕ್ಕೆ ಬೀಳುವುದಿಲ್ಲ. ಗಾಳಿಗೆ ಸಿಕ್ಕು ಮೇಲಕ್ಕೇಳುತ್ತದೆ. ಬಿದ್ದ ಹೂವು ಮತ್ತೊಮ್ಮೆ ಎದ್ದದ್ದನ್ನು ಕಂಡವನು ನಡೆಯುತ್ತಾನೆ, ಅಷ್ಟೆ. ಕೂಗಿನಂತೆ ಒರಟಾದ ಅವನ ಕಂಠದಲ್ಲಿ ಈ ಚಿತ್ರ ಸಿಹಿಯಾಗದೆ ಉಳಿದಿದೆ.

ಬೆಂಗಳೂರಿನಲ್ಲಿ ಈಚೆಗೆ ಗುಲಾಬಿ ಬಣ್ಣದ ಟಬೂಬಿಯ ಮರಗಳು ಹೂ ಬಿಟ್ಟಾಗ ಪತ್ರಿಕೆಗಳು ಅವನ್ನು ‘ನಮ್ಮ ಚೆರಿ ಹೂವು’ ಎನ್ನುವುದುಂಟು. ಬಣ್ಣದ ಸಾಮ್ಯದಿಂದ ಹೀಗೆನ್ನುವವರು ಸಕುರದಲ್ಲಿ ಬಣ್ಣಕ್ಕಿಂತ ತಿಥಿ ಮುಖ್ಯ ಎಂಬುದನ್ನು ಮರೆತಿದ್ದಾರೆ. ಆ ತಿಥಿಯೇ ಈಗ ಜರುಗುತ್ತಿದೆ. ಹವಾಮಾನದ ಬಿಸಿ ಏರಿದಂತೆ ಹೂವು ಮುಂಚಿತವಾಗಿ ಬರುತ್ತಿದೆ. ಕ್ಯೋತೊ ನಗರದಲ್ಲಿ ಸಾವಿರದ ಇನ್ನೂರು ವರ್ಷಗಳಿಂದ ಉಳಿದುಬಂದಿರುವ ದಾಖಲೆಗಳಲ್ಲೆಲ್ಲ 2021ರ ವರೆಗೆ ಅತಿ ಮುಂಚಿನ ಪೂರ್ಣಪುಷ್ಪ ಆ ವರ್ಷದ ಮಾರ್ಚಿ 26ರದಾಗಿತ್ತು. ಟೋಕಿಯೋದಲ್ಲಿ ಹವಾಮಾನ ಇಲಾಖೆಯವರು ಗೊತ್ತುಮಾಡಿದ ಒಂದು ಮರದ ಬಳಿಗೆ ಹೋಗಿ, ಐದಾರು ಹೂ ಅರಳಿರುವುದನ್ನು ಎಣಿಸಿ, ವಸಂತ ಬಂದಿತೆಂದು ಸಾರುತ್ತಾರೆ. ಆ ಮರವಿರುವುದು ಯಾಸುಕುನಿ ದೇವಾಲಯದ ಅಂಗಳದಲ್ಲಿಯೇ. 2020ರಲ್ಲಿ, 2021ರಲ್ಲಿ, ಮತ್ತೆ 2023ರಲ್ಲಿ ಅದು ಅರಳಿದ್ದು ಮಾರ್ಚಿ 14ರಂದು, ಬೀಳ್ಕೊಡುಗೆಗಳ ವಾರದಲ್ಲಿ. ಲೋಕದಲ್ಲಿ ಇಲ್ಲದ ಕವಿಸಮಯ ಕೊನೆಗೂ ಲೋಕಕ್ಕೆ ಇಳಿದು ಬಂದಿತೆನ್ನಬೇಕು. ಆದರೆ ಅದು ಮೊದಲು ಬಂದಿಳಿದ 2020ರಲ್ಲಿ, ಸಾಂಕ್ರಾಮಿಕದ ಭಯದಿಂದ ದೇಶದ ಶಾಲೆಗಳು ಮಾರ್ಚಿ 2ರಿಂದಲೇ ಮುಚ್ಚಿದ್ದವು. ಬೀಳ್ಕೊಡುಗೆಗಳು ನಡೆದ ಎಡೆಗಳಲ್ಲಿಯೂ ತಂದೆತಾಯಿಗಳಿಗೆ ಪ್ರವೇಶ ಅಪರೂಪವಾಗಿತ್ತು. ಕುರ್ಚಿಗಳನ್ನು ದೂರದೂರ ಹಾಕಿದ್ದರು. ಉಸಿರಿನಿಂದ ರೋಗ ಹರಡೀತೆಂದು ಅನೇಕ ಶಾಲೆಗಳು ಹಾಡುವುದನ್ನೇ ಕೈಬಿಟ್ಟವು. ಆ ವರ್ಷ ಮರಗಳು ಹೊತ್ತಿಗೆ ಸರಿಯಾಗಿ ಅರಳಿ, ಮಕ್ಕಳಿಲ್ಲದ ಅಂಗಳಗಳಲ್ಲಿ ಉದುರಿದವು.